ಅತ್ತಿಗೆಯ ಕೈಗುಣ

ನನಗೆ ಬೆಕ್ಕು ಎಂದರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಪ್ರಾಣಿದಯೆಯ ಹೆಂಗಸು ಎಂದುಕೊಳ್ಳಬಾರದು. ಹಾಲಿಗೆ ಬಾಯಿ ಹಾಕುತ್ತದೆ, ಒಣಗಲು ಹಾಕಿದ ಸಂಡಿಗೆಯ ಮೇಲೆ ನಡೆದು ಹೋಗುತ್ತದೆ, ಬೈದರೆ ನಾವೇ ತಪ್ಪು ಮಾಡಿದವರ ಹಾಗೆ ನೋಡುತ್ತದೆ. ಆದರೂ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಒಂದು ಬೆಕ್ಕಿದೆ. ಹೆಸರು ಸುಬ್ಬಿ. ಅದು ನನ್ನದಲ್ಲ, ನನ್ನ ಗಂಡನ ಅಕ್ಕ ಅನಂತಲಕ್ಷ್ಮಿಯವರದು. ಅದರ ಎಡಗಣ್ಣು ಹೋದದ್ದು ಮಾತ್ರ ನನ್ನಿಂದ.

ಮನೆಯಲ್ಲಿ ನಾವು ಮೂವರು. ನಾನು ಜಲಜಾ, ಅರವತ್ತೊಂದು ವರ್ಷ, ಮಿಡ್ಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ಇಡೀ ಕ್ಲಾಸಿಗೆ ಕೇಳುವ ಹಾಗೆ ಮಾತಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ನನ್ನ ಯಜಮಾನರು ಸೇತುರಾಮ, ಬ್ಯಾಂಕಿನಲ್ಲಿದ್ದವರು. ಮನೆಯಲ್ಲಿ ದನಿ ಸ್ವಲ್ಪ ಏರಿದರೆ ಸಾಕು, ಪೇಪರ್ ಹಿಡಿದುಕೊಂಡು ವರಾಂಡಕ್ಕೆ ಹೋಗಿಬಿಡುತ್ತಾರೆ. ಮೂರನೆಯವರು ಅತ್ತಿಗೆ. ಅರವತ್ತೆಂಟು. ರಾಜಾಜಿನಗರದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ, ನನಗೂ ಯಾರೂ ಸರಿಯಾಗಿ ಹೇಳಿಲ್ಲ.

ನಮ್ಮ ಅತ್ತೆಗೆ ಕೈಗುಣದ ಮೇಲೆ ವಿಪರೀತ ನಂಬಿಕೆಯಿತ್ತು. ಯಾರ ಕೈಯಲ್ಲಿ ಹಾಲಿಗೆ ಹೆಪ್ಪು ಹಾಕಿಸಬೇಕು, ಯಾರ ಕೈಯಲ್ಲಿ ಗಿಡ ನೆಡಿಸಬೇಕು, ಉಪ್ಪಿನಕಾಯಿ ಜಾಡಿಯನ್ನು ಯಾರು ಮುಟ್ಟಬಾರದು, ಎಲ್ಲವೂ ಅವರ ತಲೆಯಲ್ಲಿ ಬರೆದಿಟ್ಟಂತಿತ್ತು. "ಅನಂತು ಕೈ ಸರಿಯಿಲ್ಲ, ಅವ್ಳು ಮುಟ್ಟಿದ್ರೆ ಜಾಡಿ ಬೂಷ್ಟು ಹಿಡಿಯುತ್ತೆ" ಎಂದು ಹೆತ್ತ ಮಗಳ ಎದುರಿಗೇ ಹೇಳುತ್ತಿದ್ದರು. ನಾನು ಸೊಸೆಯಾಗಿ ಬಂದ ವಾರವೇ ನನ್ನಿಂದ ಹೆಪ್ಪು ಹಾಕಿಸಿದರು. ಬೆಳಿಗ್ಗೆ ನೋಡಿದರೆ ಮೊಸರು ಗಟ್ಟಿಯಾಗಿ ಕೂತಿತ್ತು. "ಕೈ ಅಂದ್ರೆ ಇದು" ಎಂದರು ಅತ್ತೆ. ಅದು ಮೇ ತಿಂಗಳು, ಆ ಸೆಕೆಯಲ್ಲಿ ಯಾರು ಹೆಪ್ಪು ಹಾಕಿದ್ದರೂ ಮೊಸರು ಗಟ್ಟಿಯಾಗುತ್ತಿತ್ತು. ಇಷ್ಟು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಆದರೂ ಬಾಯಿ ಬಿಡಲಿಲ್ಲ. ಹೊಗಳಿದರೆ ಯಾರಿಗೆ ಬೇಡ? ಅವತ್ತಿನಿಂದ ಒಲೆ ನನ್ನದು, ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಪಾತ್ರೆ ಒರೆಸುವುದು ಅತ್ತಿಗೆಯದು. ಅತ್ತೆ ಹೋಗಿ ಹದಿನೈದು ವರ್ಷವಾಯಿತು. ಇವತ್ತಿಗೂ ಅತ್ತಿಗೆಗೆ ಉಪ್ಪಿನಕಾಯಿ ಬೇಕೆಂದರೆ ಎಲೆಯ ಮುಂದೆ ಕೂತು ನನ್ನನ್ನು ಕೂಗುತ್ತಾರೆ. ನಾನು ಹೋಗಿ ಬಡಿಸುತ್ತೇನೆ. "ನೀವೇ ಹಾಕ್ಕೊಳಿ ಅತ್ತಿಗೆ" ಎಂದು ಒಂದು ದಿನವೂ ಹೇಳಿದವಳಲ್ಲ.

ಇಂಥ ಮನೆಗೆ ಸುಬ್ಬಿ ಬಂತು. ತಾಯಿ ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತಾರಲ್ಲ, ನಮ್ಮದು ಎಷ್ಟನೆಯದೋ ಗೊತ್ತಿಲ್ಲ. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಮೂರು ಮರಿ ತಂದಿಟ್ಟಿತು, ಎರಡನ್ನು ಕಚ್ಚಿಕೊಂಡು ಹೋಯಿತು, ಒಂದಕ್ಕೆ ವಾಪಸ್ಸು ಬರಲೇ ಇಲ್ಲ. ಕಣ್ಣು ಸಹ ಬಿಟ್ಟಿರಲಿಲ್ಲ, ನನ್ನ ಅಂಗೈಯಷ್ಟಿತ್ತು. "ಕಸದ ಗಾಡಿಯವನಿಗೆ ಹೇಳಿ, ಎಲ್ಲಾದರೂ ಬಿಡ್ತಾನೆ" ಎಂದೆ ನಾನು. ನನ್ನ ಎದುರು ಯಾವತ್ತೂ ದನಿ ಎತ್ತದ ಅತ್ತಿಗೆ ಸೆರಗಿನಲ್ಲಿ ಮರಿಯನ್ನು ಸುತ್ತಿಕೊಂಡು, "ಇಲ್ಲ ಜಲಜಾ, ಇದು ಇಲ್ಲೇ ಇರುತ್ತೆ" ಎಂದರು. ನಾನು ಮೂಗು ಮುರಿದೆ. ಎರಡು ದಿನದಲ್ಲಿ ಹೋಗುತ್ತದೆ ಬಿಡು ಎಂದುಕೊಂಡೆ. ಅವರು ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿದರು, ಬಿಸಿನೀರಿನ ಬಾಟಲಿಗೆ ಹಳೇ ಪಂಚೆ ಸುತ್ತಿ ಪಕ್ಕದಲ್ಲಿಟ್ಟರು, ಅಲಾರಂ ಇಟ್ಟು ಎದ್ದರು. ಮರಿ ಕಣ್ಣು ಬಿಟ್ಟ ದಿನ ಅಡುಗೆಮನೆಗೆ ಓಡಿಬಂದರು. ಅರವತ್ತೈದರ ಹೆಂಗಸು ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

"ನೋಡೇ ಜಲಜಾ, ಬದುಕ್ತು! ನನ್ನ ಕೈಲೂ ಒಂದು ಬದುಕ್ತು ಕಣೇ" ಎಂದರು.

ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಲು ಉಕ್ಕುತ್ತಿತ್ತು.

ಆಮೇಲೆ ಅತ್ತಿಗೆ ಬದಲಾದರು. ಪಕ್ಕದ ಮನೆಯವರು ಬಂದರೆ ಬೆಕ್ಕನ್ನು ಎತ್ತಿ ತೋರಿಸುತ್ತಿದ್ದರು, "ಫಿಲ್ಲರಲ್ಲಿ ಸಾಕಿದ್ದು" ಎಂದು. ಗೇಟಿನ ಪಕ್ಕ ಒಂದು ನಂದಿಬಟ್ಟಲು ಗಿಡವಿತ್ತು, ಅದಕ್ಕೂ ತಾವೇ ನೀರು ಹಾಕತೊಡಗಿದರು, ಅದು ಮೈತುಂಬ ಹೂ ಬಿಟ್ಟಿತು. ಸುಬ್ಬಿ ಅವರ ಮಡಿಲು ಬಿಟ್ಟು ಬೇರೆ ಎಲ್ಲೂ ಮಲಗುತ್ತಿರಲಿಲ್ಲ. ಇವರಿಗೆಷ್ಟು ಜಂಬ ಎಂದು ನನಗೆ ಒಮ್ಮೊಮ್ಮೆ ಮೈ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಫೆಬ್ರವರಿಯಲ್ಲಿ ಸುಬ್ಬಿ ಯಾವುದೋ ಗಡವ ಬೆಕ್ಕಿನ ಜೊತೆ ಜಗಳವಾಡಿಕೊಂಡು ಬಂತು. ಎಡಗಣ್ಣು ಅರ್ಧ ಮುಚ್ಚಿತ್ತು, ಕೆಂಪಾಗಿತ್ತು, ಸುರಿಯುತ್ತಿತ್ತು. ಅತ್ತಿಗೆ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಹತ್ತಿಯಲ್ಲಿ ಅದ್ದಿ ಕಣ್ಣಿಗೆ ಬಿಟ್ಟರು. ನಮ್ಮ ಕಡೆ ಕಣ್ಣಿಗೆ ಏನಾದರೂ ಅದೇ ಮೊದಲ ಮದ್ದು, ನನಗೂ ಚಿಕ್ಕಂದಿನಲ್ಲಿ ಹಾಕಿದ್ದಾರೆ. ಆದರೆ ನನಗೆ ಹೂವು ನೀರು ಎಂದರೆ ನಗು. ನನ್ನ ಹತ್ತಿರ ಫ್ರಿಜ್ಜಿನ ಬಾಗಿಲಲ್ಲಿ ಒಂದು ಡಬ್ಬಿ ಇದೆ. ಮನೆಯಲ್ಲಿ ಯಾರಿಗೆ ಏನಾಗಿ ಔಷಧ ತಂದರೂ ಉಳಿದದ್ದು ಅದರೊಳಗೆ. ಬೀದಿಯವರು ಜ್ವರ, ಕೆಮ್ಮು ಎಂದು ಬಂದರೆ ಡಬ್ಬಿ ತೆಗೆಯುತ್ತೇನೆ. "ಜಲಜಾ ಮೇಡಂ ಅರ್ಧ ಡಾಕ್ಟರು" ಎನ್ನುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ಡಬ್ಬಿಯಲ್ಲಿ ನಮ್ಮ ಯಜಮಾನರ ಕಣ್ಣಿನ ಡ್ರಾಪ್ಸ್ ಇತ್ತು. ಡಿಸೆಂಬರಿನಲ್ಲಿ ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಆಪರೇಷನ್ ಆದ ಮೇಲೆ ಮೊದಲ ವಾರ ದಿನಕ್ಕೆ ಆರು ಸಲ, ಎರಡನೆಯ ವಾರ ಐದು ಸಲ ಹೀಗೆ ಹಾಕಬೇಕಾದ ಸ್ಟೀರಾಯ್ಡ್ ಡ್ರಾಪ್ಸ್. ಅತ್ತಿಗೆ ತಮ್ಮನಿಗಾಗಿ ಚಾರ್ಟ್ ಬರೆದು ಗೋಡೆಗೆ ಅಂಟಿಸಿ, ಗಡಿಯಾರ ನೋಡಿ ನೋಡಿ ಕೂಗುತ್ತಿದ್ದರು. ಎಲ್ಲಾ ಮುಗಿದ ಮೇಲೆ ಅರ್ಧ ಬಾಟಲಿ ಉಳಿಯಿತು. ಮುಚ್ಚಳ ತೆರೆದು ಒಂದು ತಿಂಗಳಾದ ಡ್ರಾಪ್ಸ್ ಇಟ್ಟುಕೊಳ್ಳಬಾರದು ಎಂದು ಚೀಟಿಯಲ್ಲಿ ಓದಿ ಅವರೇ ಹೇಳಿದರು, "ಸೇತು, ಅದನ್ನ ಎಸಿ." ಇವರು ಎಸೆಯಲು ಹೊರಟಾಗ ನಾನು ಕೈಯಿಂದ ಕಿತ್ತುಕೊಂಡು ಡಬ್ಬಿಗೆ ಹಾಕಿದೆ. "ಎಸೆದೆಯಾ?" ಎಂದು ಅಕ್ಕ ಕೇಳಿದಾಗ ಇವರು "ಎಸೆದೆ ಅಕ್ಕ" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಶಾಂತಿ ಇರುವುದೇ ಇಂಥ ಸುಳ್ಳುಗಳಿಂದ.

ಮಾರನೆಯ ದಿನ ಅತ್ತಿಗೆ ಸ್ನಾನಕ್ಕೆ ಹೋದಾಗ ಸುಬ್ಬಿಯನ್ನು ಟವೆಲಿನಲ್ಲಿ ಸುತ್ತಿ ವಾಷಿಂಗ್ ಮೆಷಿನ್ ಮೇಲೆ ಕೂರಿಸಿ ಆ ಡ್ರಾಪ್ಸ್ ಎರಡು ಹನಿ ಹಾಕಿದೆ. ಸಂಜೆ ಅವರು ದೇವರಮನೆಯಲ್ಲಿದ್ದಾಗ ಮತ್ತೆ. ಮೂರು ದಿನಕ್ಕೆ ಕೆಂಪು ಇಳಿಯಿತು. ಬೆಕ್ಕು ಕಣ್ಣು ಬಿಟ್ಟಿತು. ನನಗೆ ಎಂಥ ಖುಷಿ ಎನ್ನುತ್ತೀರಿ! ಅಷ್ಟರಲ್ಲಿ ಅತ್ತಿಗೆ ಬಂದರು.

"ನೋಡಿದ್ಯಾ ಜಲಜಾ, ನನ್ನ ಹೂವಿನ ನೀರಿಗೆ ಇಳೀತು. ನೀನು ನಗ್ತಿದ್ದೆ."

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಔಷಧ ನನ್ನದು, ಹೆಸರು ಇವರಿಗೆ! ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಪೂರ್ತಿ ವಾಸಿಯಾಗಲಿ, ಆಮೇಲೆ ನಾಲ್ಕು ಜನರ ಎದುರಿಗೆ ಹೇಳೋಣ, ಮುಖ ಹೇಗಾಗುತ್ತದೆ ನೋಡೋಣ ಎಂದುಕೊಂಡೆ. ಬೇಗ ವಾಸಿಯಾಗಲಿ ಎಂದು ದಿನಕ್ಕೆ ಎರಡು ಸಲ ಹಾಕುತ್ತಿದ್ದದ್ದನ್ನು ನಾಲ್ಕು ಸಲ ಮಾಡಿದೆ.

ಆರನೆಯ ದಿನ ಕಣ್ಣಿನ ಮೇಲೆ ಹೊಗೆ ಕವಿದಂತೆ ನೀಲಿ ಬಂತು. ಎಂಟನೆಯ ದಿನ ಬೆಳಿಗ್ಗೆ ಕಣ್ಣಿನ ನಡುವೆ ಕಂದು ಬಣ್ಣದ ಒಂದು ಗುಳ್ಳೆ ಹೊರಗೆ ಬಂದಿತ್ತು. ಸುಬ್ಬಿ ಸೋಫಾದ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿತ್ತು, ಕರೆದರೂ ಬರಲಿಲ್ಲ. ಅತ್ತಿಗೆ ನೆಲದ ಮೇಲೆ ಬೋರಲು ಮಲಗಿ ಕೈ ಚಾಚಿ ಅದನ್ನು ಹೊರಗೆಳೆದರು. ಕಣ್ಣು ನೋಡಿದವರು ಕಿರುಚಲಿಲ್ಲ, ಅಳಲಿಲ್ಲ. "ಆಟೋ ಕರೀ" ಎಂದರು ಅಷ್ಟೆ.

ಬಸವೇಶ್ವರನಗರದ ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರು ಸುಘೋಷ್ ಎಂದು, ನಮ್ಮ ಹಳೇ ವಿದ್ಯಾರ್ಥಿಗಳ ವಯಸ್ಸು. ಕಣ್ಣಿಗೆ ಒಂದು ಬಣ್ಣದ ಹನಿ ಬಿಟ್ಟು, ನೀಲಿ ಲೈಟು ಹಿಡಿದು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಸಪ್ಪಗಾಯಿತು.

"ಕಣ್ಣಿನ ಮುಂದಿನ ಪರದೆ ಕರಗಿ ತೂತಾಗಿದೆ ಅಮ್ಮ. ಮೊದಲು ಉಗುರು ತಾಗಿ ಸಣ್ಣ ಗಾಯ ಆಗಿರುತ್ತೆ. ಮನೇಲಿ ಏನಾದ್ರೂ ಹಾಕಿದ್ರಾ?"

"ನಂದಿಬಟ್ಟಲು ಹೂವಿನ ನೀರು ಹಾಕ್ತಿದ್ದೆ ಸಾರ್" ಎಂದರು ಅತ್ತಿಗೆ. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗಿಯ ಹಾಗೆ ಎದ್ದು ನಿಂತು ಹೇಳಿದರು.

"ಅಯ್ಯೋ, ಗಾಯ ಆದ ಕಣ್ಣಿಗೆ ಅದನ್ನೆಲ್ಲಾ ಹಾಕ್ತಾರಾ ಅಮ್ಮ? ಅದರಲ್ಲಿ ಎಷ್ಟು ಕ್ರಿಮಿ ಇರುತ್ತೆ" ಎಂದರು ಡಾಕ್ಟರು. ಮತ್ತೆ ಲೈಟು ಹಿಡಿದರು. "ಆದ್ರೂ ಇಷ್ಟು ಬೇಗ ಕರಗಬಾರದಿತ್ತು. ಸಾಮಾನ್ಯವಾಗಿ ಸ್ಟೀರಾಯ್ಡ್ ಬಿದ್ರೆ ಹೀಗಾಗುತ್ತೆ. ಮನುಷ್ಯರ ಡ್ರಾಪ್ಸ್ ಏನಾದ್ರೂ ಹಾಕಿದ್ರಾ? ಮನೇಲಿ ಯಾರ್ದಾದ್ರೂ ಉಳಿದಿದ್ದು?"

ಅತ್ತಿಗೆ ನನ್ನ ಕಡೆ ನೋಡಿದರು. ಅನುಮಾನದಿಂದ ನೋಡಿದ್ದಲ್ಲ. ಔಷಧದ ವಿಷಯ ಬಂದರೆ ಅವರು ನನ್ನ ಕಡೆ ನೋಡುವುದು ರೂಢಿ.

"ಇಲ್ಲ" ಎಂದೆ ನಾನು. "ಏನೂ ಹಾಕಿಲ್ಲ."

ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದೆ. ಡಾಕ್ಟರು ನಂಬಿದರು. "ಹಾಗಿದ್ರೆ ಆ ನೀರಿನಿಂದ್ಲೇ ಸೋಂಕು ಜಾಸ್ತಿಯಾಗಿರಬೇಕು" ಎಂದು ಚೀಟಿಯಲ್ಲಿ ಬರೆದುಕೊಂಡರು. ಕಣ್ಣು ಉಳಿಯುವುದಿಲ್ಲ, ತೆಗೆಯಲೇಬೇಕು, ಇಟ್ಟರೆ ನೋವು ತಿಂದು ತಿಂದು ಬೆಕ್ಕು ಸಾಯುತ್ತದೆ ಎಂದರು. ಒಂದು ಕಣ್ಣಿನಲ್ಲಿ ಬೆಕ್ಕುಗಳು ಆರಾಮವಾಗಿ ಬದುಕುತ್ತವೆ, ಓಡುತ್ತವೆ, ಹಾರುತ್ತವೆ ಎಂದು ಸಮಾಧಾನವನ್ನೂ ಹೇಳಿದರು. ಅತ್ತಿಗೆಯ ಕಿವಿಗೆ ಅದು ಯಾವುದೂ ಹೋದಂತೆ ಕಾಣಲಿಲ್ಲ. ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಅಮ್ಮ ಸುಮ್ನೆ ಹೇಳ್ತಿರ್ಲಿಲ್ಲ ನೋಡು" ಎಂದರು ಆಟೋದಲ್ಲಿ.

ಆಗ ಹೇಳಬೇಕಿತ್ತು. ಆಟೋದವನು ಗುಂಡಿಯಲ್ಲಿ ಓಡಿಸಿದ ಎಂದು ಅವನ ಮೇಲೆ ರೇಗಿದೆ. ಮನೆಗೆ ಬಂದವಳೇ ಡಬ್ಬಿಯಿಂದ ಬಾಟಲಿ ತೆಗೆದು ಪೇಪರಿನಲ್ಲಿ ಸುತ್ತಿದೆ. ಮರುದಿನ ಬೆಳಿಗ್ಗೆ ಹಾಡು ಹಾಕಿಕೊಂಡು ಬಂದ ಕಸದ ಗಾಡಿಗೆ ನಾನೇ ಹೋಗಿ ಹಾಕಿ ಬಂದೆ. ಕಳ್ಳಿಯ ಹಾಗೆ ಆಚೀಚೆ ನೋಡಿ ಹಾಕಿದೆ.

ಆಪರೇಷನ್ನಿನ ದಿನ ಬೆಕ್ಕಿಗೆ ಹಿಂದಿನ ರಾತ್ರಿಯಿಂದ ಏನೂ ಕೊಡುವಂತಿರಲಿಲ್ಲ. ಅದು ಖಾಲಿ ತಟ್ಟೆಯ ಮುಂದೆ ಕೂತು ಒಂದೇ ಸಮ ಕೂಗಿತು. ಅತ್ತಿಗೆ ತಾವೂ ಕಾಫಿ ಕುಡಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಒಪ್ಪಿಗೆ ಪತ್ರಕ್ಕೆ ತಮ್ಮ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದರು. "ಸಾಕಿದವರ ಹೆಸರು" ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ ಆಮೇಲೆ ಬರೆದರು. ಡಾಕ್ಟರು ಬೆಕ್ಕಿನ ಬುಟ್ಟಿ ಎತ್ತಿಕೊಂಡಾಗ ಅತ್ತಿಗೆ ಕೇಳಿದರು:

"ಸಾರ್, ಎಚ್ಚರ ಆದ್ಮೇಲೆ ಅದಕ್ಕೆ ಗೊತ್ತಾಗುತ್ತಾ? ಯಾರಿಂದ ಹೀಗಾಯ್ತು ಅಂತ?"

"ಇಲ್ಲಮ್ಮ, ಅದಕ್ಕೆ ನೋವು ಹೋಯ್ತು ಅಂತ ಮಾತ್ರ ಗೊತ್ತಾಗುತ್ತೆ" ಎಂದರು ಆ ಹುಡುಗ. ಒಳ್ಳೆಯವನು. ನಾನು ಕಿಟಕಿಯಾಚೆ ನೋಡುತ್ತಾ ನಿಂತಿದ್ದೆ. ನೋಡಲು ಏನೂ ಇರಲಿಲ್ಲ, ಒಂದು ಎಳನೀರಿನ ಗಾಡಿ ಇತ್ತು.

"ತೆಗೆದ ಕಣ್ಣು ನಮಗೆ ಕೊಡ್ತೀರಾ? ಗಿಡದ ಬುಡದಲ್ಲಿ ಹೂಳ್ತೀನಿ" ಎಂದರು ಅತ್ತಿಗೆ. ಕೊಡುವ ಹಾಗಿಲ್ಲ ಎಂದರು ಡಾಕ್ಟರು. ಅತ್ತಿಗೆ ಹ್ಞೂಂ ಎಂದು ತಲೆಯಾಡಿಸಿ ಬೆಂಚಿನ ಮೇಲೆ ಕೂತರು. ಎರಡು ಗಂಟೆ ಕೂತರು.

ಸಂಜೆ ಸುಬ್ಬಿಯನ್ನು ಕೊಟ್ಟರು. ಎಡ ಕೆನ್ನೆಯ ಕೂದಲು ಬೋಳಿಸಿ, ಕಣ್ಣಿದ್ದ ಜಾಗವನ್ನು ಮುಚ್ಚಿ ಕಪ್ಪು ದಾರದಲ್ಲಿ ಹೊಲಿದಿದ್ದರು. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ದೊಡ್ಡ ಕಾಲರು. ಅರಿವಳಿಕೆಯ ಮತ್ತು ಇಳಿಯದೆ ತಲೆ ತೂಗಾಡುತ್ತಿತ್ತು. ನನಗೆ ಬೆಕ್ಕು ಎಂದರೆ ಆಗುವುದಿಲ್ಲ ಎಂದೆನಲ್ಲ, ಅವತ್ತು ಆ ಹೊಲಿಗೆಯನ್ನು ಎರಡನೆಯ ಸಲ ನೋಡಲು ನನ್ನಿಂದ ಆಗಲಿಲ್ಲ. ಬುಟ್ಟಿಯನ್ನು ಅತ್ತಿಗೆಯ ಕಡೆ ಚಾಚಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನೀನೇ ಹಿಡ್ಕೊ ಜಲಜಾ. ನಿನ್ನ ಕೈ ಒಳ್ಳೇದು."

ಆವತ್ತಿನಿಂದ ಅವರು ಸುಬ್ಬಿಯನ್ನು ಮುಟ್ಟಲಿಲ್ಲ. ಮಾತ್ರೆ ಪುಡಿಮಾಡಿ ಮೊಸರನ್ನದಲ್ಲಿ ಕಲಸಿ ತಿನ್ನಿಸಿದವಳು ನಾನು. ಹೊಲಿಗೆ ಒರೆಸಿದವಳು ನಾನು. ಮರಳಿನ ಟ್ರೇ ತೆಗೆದವಳೂ ನಾನೇ. ಅದು ಕಾಲರು ಬಡಿದುಕೊಳ್ಳುತ್ತಾ, ಗೋಡೆಗೆ ಡಿಕ್ಕಿ ಹೊಡೆಯುತ್ತಾ ಅತ್ತಿಗೆಯ ಕೋಣೆಗೆ ಹೋಗುತ್ತಿತ್ತು. ಅವರು ಮಂಚದ ಮೇಲೆ ಕಾಲು ಎಳೆದುಕೊಂಡು "ಜಲಜಾ, ಬಾರೇ, ಇದನ್ನ ಕರ್ಕೊಂಡು ಹೋಗು" ಎಂದು ಕೂಗುತ್ತಿದ್ದರು. ಬೆಕ್ಕು ಕೂಗುತ್ತಿತ್ತು, ಅವರು ಮುಖ ತಿರುಗಿಸುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಒಂದು ದಿನ ನಾನು ಮಾರ್ಕೆಟ್ಟಿನಿಂದ ಬಂದರೆ ಗೇಟಿನ ಪಕ್ಕ ಬಟ್ಟಬಯಲು. ನಂದಿಬಟ್ಟಲು ಗಿಡವನ್ನು ಬುಡಸಮೇತ ಕಡಿಸಿದ್ದರು. ನಮ್ಮವರು ಮಚ್ಚು ಹಿಡಿದು ಬೆವರುತ್ತಾ ನಿಂತಿದ್ದರು. "ಅಕ್ಕ ಹಟ ಹಿಡಿದ್ಲು, ಏನ್ ಮಾಡ್ಲಿ" ಎಂದರು. ಮೊಗ್ಗು ತುಂಬಿದ ಕೊಂಬೆಗಳು ಚರಂಡಿಯ ಮೇಲೆ ಬಿದ್ದಿದ್ದವು. ನಾನು ಚೀಲ ಅಲ್ಲೇ ಇಟ್ಟು ಒಳಗೆ ಹೋಗಿ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತು ಮುಖ ತೊಳೆದು ಬಂದು ಹುಳಿ ಮಾಡಿದೆ. ಆಗಲೂ ಹೇಳಲಿಲ್ಲ. ಎಂಥ ಹೆಂಗಸು ನಾನು! ಇವತ್ತು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ನಲವತ್ತು ಮಕ್ಕಳ ಮುಂದೆ ನಿಂತು ಸುಳ್ಳು ಹೇಳಬಾರದು ಎಂದು ಬೆತ್ತ ಆಡಿಸಿದವಳು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಲು ಹೋದೆವು. ಚೆನ್ನಾಗಿ ಮಾಗಿದೆ ಎಂದರು ಡಾಕ್ಟರು. "ಯಾರು ನೋಡ್ಕೊಂಡ್ರು? ತುಂಬಾ ನೀಟಾಗಿದೆ."

"ಇವಳೇ ಸಾರ್" ಎಂದರು ಅತ್ತಿಗೆ. "ಇನ್ಮೇಲೆ ನಿಮ್ಮ ಬುಕ್ಕಲ್ಲಿ ಇವಳ ಹೆಸರು ಬರ್ಕೊಳಿ. ಬೆಕ್ಕು ಇವಳದ್ದು. ನನ್ನ ಕೈಯಲ್ಲಿ ಏನೂ ಬದುಕಲ್ಲ."

ಡಾಕ್ಟರು ನಕ್ಕರು, ತಮಾಷೆ ಎಂದುಕೊಂಡು. ಬರೆದೂ ಬರೆದರು. ನನಗೆ ಇನ್ನು ತಡೆಯಲಾಗಲಿಲ್ಲ. ಮನೆಗೆ ಬಂದು ಬುಟ್ಟಿ ಇಳಿಸಿದವಳೇ ಅತ್ತಿಗೆಯ ಕೋಣೆಗೆ ಹೋಗಿ ಅವರ ಮಂಚದ ಕೆಳಗೆ ನೆಲದ ಮೇಲೆ ಕೂತೆ.

"ಅತ್ತಿಗೆ, ನಿಮ್ಮ ಹೂವಿನ ನೀರಿಂದ ಅದರ ಕಣ್ಣು ಹೋಗಿಲ್ಲ. ನಾನು ಇವರ ಕಣ್ಣಿನ ಡ್ರಾಪ್ಸ್ ಹಾಕಿದ್ದೆ. ನಿಮಗೆ ಗೊತ್ತಾಗದ ಹಾಗೆ ಹಾಕಿದ್ದೆ. ಅದು ಸ್ಟೀರಾಯ್ಡು. ಡಾಕ್ಟರ್ ಕೇಳಿದಾಗ ಇಲ್ಲ ಅಂದೆ. ತಪ್ಪಾಯ್ತು ಅತ್ತಿಗೆ. ನಂದೇ ತಪ್ಪು, ನಿಮ್ಮದೇನೂ ಇಲ್ಲ."

ಬೈಯುತ್ತಾರೆ, ಅಳುತ್ತಾರೆ, ಕೆನ್ನೆಗೆ ಒಂದು ಬಿಗಿಯುತ್ತಾರೆ ಎಂದುಕೊಂಡಿದ್ದೆ. ಬಿಗಿದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವ ಡ್ರಾಪ್ಸು? ಸೇತುದು ಆಗ್ಲೇ ಎಸೆದಾಯ್ತಲ್ಲ."

"ಎಸೆದಿರ್ಲಿಲ್ಲ ಅತ್ತಿಗೆ! ನಾನು ಇಟ್ಕೊಂಡಿದ್ದೆ."

"ಹೌದಾ, ತೋರ್ಸು."

ಏನು ತೋರಿಸಲಿ? ಕಸದ ಗಾಡಿಗೆ ಹಾಕಿದೆ ಎಂದೆ. ಅವರು ಸಣ್ಣಗೆ ನಕ್ಕರು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ವರಾಂಡದ ಕಡೆ ತಿರುಗಿ "ರೀ, ಬನ್ರೀ ಇಲ್ಲಿ!" ಎಂದು ಅರಚಿದೆ. ಇವರು ಪೇಪರ್ ಹಿಡಿದುಕೊಂಡೇ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಕೇಳಿದರು:

"ಸೇತು, ನಿನ್ನ ಕಣ್ಣಿನ ಡ್ರಾಪ್ಸ್ ಎಸೆದೆ ಅಂದಿದ್ದೆಯಲ್ಲ, ಎಸೆದಿದ್ದು ನಿಜ ತಾನೆ?"

ಅಕ್ಕ ಬೈಯಲು ಕರೆದಿದ್ದಾಳೆ ಎಂದುಕೊಂಡರೋ ಏನೋ, ಅರವತ್ತಾರು ವರ್ಷದ ಮನುಷ್ಯ ಎಂಟು ವರ್ಷದ ಹುಡುಗನ ಹಾಗೆ, "ಎಸೆದೆ ಅಕ್ಕ, ಅವತ್ತೇ ಎಸೆದೆ. ಅವತ್ತೇ ಹೇಳಿದ್ನಲ್ಲ" ಎಂದರು.

"ರೀ!" ಎಂದೆ. "ದೇವರಾಣೆ ನಿಜ ಹೇಳಿ. ನಾನು ನಿಮ್ಮ ಕೈಯಿಂದ ಕಿತ್ಕೊಳ್ಳಲಿಲ್ವಾ? ಫ್ರಿಜ್ಜಲ್ಲಿ ಇಡಲಿಲ್ವಾ?"

ಅವರು ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಆಗ ಅರ್ಥವಾಯಿತು. "ಹೌದು ಹೌದು, ಇವಳು ಇಟ್ಕೊಂಡಿದ್ಲು ಅಕ್ಕ. ನಾನು ಎಸೆದಿರ್ಲಿಲ್ಲ. ಹೌದು" ಎಂದರು ತೊದಲುತ್ತಾ.

ಅತ್ತಿಗೆ ತಮ್ಮನ ಕಡೆ ನೋಡಿ ತಲೆಯಾಡಿಸಿದರು. "ಹೆಂಡತಿ ಹೇಳಿದ ಹಾಗೆ ಹೇಳೋದು ನೀನು ಯಾವತ್ತಿನಿಂದ್ಲೂ ಚೆನ್ನಾಗಿ ಕಲ್ತಿದೀಯ ಬಿಡೋ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇವರು ಕೈಯಲ್ಲಿನ ಪೇಪರನ್ನು ಮಡಿಸುತ್ತಾ ಬಿಚ್ಚುತ್ತಾ ನಿಂತರು, ವರಾಂಡಕ್ಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ್ ಸುಘೋಷ್‌ಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. "ನನಗೆ ಆಗ್ಲೇ ಅನ್ನಿಸಿತ್ತು ಆಂಟಿ. ನೀವು ಹೇಳಬೇಕಿತ್ತು" ಎಂದರು. ಬೈಯಿಸಿಕೊಂಡದ್ದು ಹಿತವಾಯಿತು. ನಮ್ಮ ಅತ್ತಿಗೆಗೆ ನೀವೇ ಹೇಳಿ ಸಾರ್, ನನ್ನ ಮಾತು ನಂಬುತ್ತಿಲ್ಲ ಎಂದು ಕಾಲಿಗೆ ಬೀಳುವ ಹಾಗೆ ಕೇಳಿಕೊಂಡೆ. ಫೋನನ್ನು ಒಯ್ದು ಅವರ ಕಿವಿಗೆ ಹಿಡಿದೆ. ಡಾಕ್ಟರು ಹೇಳಿದ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು: ನಿಮ್ಮ ತಪ್ಪಲ್ಲ ಅಮ್ಮ, ಡ್ರಾಪ್ಸಿನಿಂದ ಆದದ್ದು, ಹೂವಿನ ನೀರೊಂದರಿಂದಲೇ ಇಷ್ಟಾಗುತ್ತಿರಲಿಲ್ಲ. ಅತ್ತಿಗೆ "ಸರಿ ಸಾರ್, ಆಯ್ತು ಸಾರ್, ಥ್ಯಾಂಕ್ಸ್ ಸಾರ್" ಎಂದು ಫೋನ್ ನನ್ನ ಕೈಗಿಟ್ಟರು.

"ಇನ್ನೂ ಎಷ್ಟು ಜನರ ಹತ್ರ ಹೇಳಿಸ್ತೀಯೇ?" ಎಂದರು.

"ಅತ್ತಿಗೆ, ಅದು ನಿಜ. ನಾನು ಯಾವ ದೇವರ ಮೇಲೆ ಪ್ರಮಾಣ ಮಾಡಲಿ ಹೇಳಿ, ಮಾಡ್ತೀನಿ. ನಿಮ್ಮ ಕೈ ಸರಿಯಿದೆ. ಮೊದಲಿಂದ್ಲೂ ಸರಿಯಿತ್ತು. ಅವತ್ತು ಮೊಸರು ಸೆಕೆಗೆ ಗಟ್ಟಿಯಾಗಿತ್ತು, ನನ್ನ ಕೈಗೆ ಅಲ್ಲ!"

ನಾನು ಹೋ ಎಂದು ಅಳುತ್ತಿದ್ದೆ. ಅವರು ಮಂಚದಿಂದ ಬಗ್ಗಿ ಸೆರಗಿನ ತುದಿಯಲ್ಲಿ ನನ್ನ ಮುಖ ಒರೆಸಿದರು. ಅವರ ಕಣ್ಣೂ ತುಂಬಿತ್ತು, ಆದರೆ ಮುಖದಲ್ಲಿ ಒಂದು ಬೆಳಕಿತ್ತು. ಈ ಮೂವತ್ತೈದು ವರ್ಷದಲ್ಲಿ ಮೊದಲ ಸಲ ನಾನು ಅವರಿಗೆ ಏನೋ ಕೊಟ್ಟೆ ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದರು.

"ಅಳಬೇಡ ಕಣೇ. ನಿನ್ನ ಬಾಯಿ ಜೋರು, ಆದ್ರೆ ಇಷ್ಟು ಒಳ್ಳೆಯವಳು ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನ ತಪ್ಪನ್ನ ತಮ್ಮ ಮೇಲೆ ಎಳ್ಕೊಳ್ಳೋರು ಇಷ್ಟು ವರ್ಷ ನಂಗೆ ಯಾರಿದ್ರು ಹೇಳು?"

ಅಷ್ಟರಲ್ಲಿ ಸುಬ್ಬಿ ಬಂತು. ಕಾಲರು ತೆಗೆದಿದ್ದರಿಂದ ಸದ್ದಿಲ್ಲದೆ ಬಂತು. ಮಂಚದ ಎತ್ತರ ಅಂದಾಜಾಗದೆ ಒಂದು ಸಲ ಜಾರಿ ಬಿತ್ತು, ಎರಡನೆಯ ಸಲ ಹಾರಿ ಅತ್ತಿಗೆಯ ಮಡಿಲಲ್ಲಿ ಸುತ್ತು ಹೊಡೆದು ಮಲಗಿತು. ಕಣ್ಣಿಲ್ಲದ ಕಡೆಯ ಕೆನ್ನೆಯನ್ನು ಅವರ ಹೊಟ್ಟೆಗೆ ಒತ್ತಿ ಗುರ್ ಗುರ್ ಎನ್ನತೊಡಗಿತು. ಅತ್ತಿಗೆ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದರು. ಅವರು ಕೆಳಗೆ ನೋಡಲಿಲ್ಲ.

"ಜಲಜಾ, ಬೇಗ ಎತ್ಕೊಳೇ" ಎಂದರು. "ನನ್ನ ಕೈ ತಾಗಿಬಿಡುತ್ತೆ."

ನಾನು ಎತ್ತಿಕೊಂಡೆ.